ಜಿಪ್ಸಿಯ ತವರಿಗೆ ನಾಲ್ಕು ದಿನ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಗಾಡಿ ನಿಲ್ಲುವ ಜಾಗದಲ್ಲಿ ಯಾವಾಗಲೂ ಒಂದು ರಟ್ಟು ಹಾಸಿರುತ್ತೇನೆ. ಟಿವಿ ಬಂದ ಡಬ್ಬದ ರಟ್ಟು. ಎಣ್ಣೆ ಹನಿ ಟೈಲ್ಸ್ ಮೇಲೆ ಬಿದ್ದರೆ ಅಸೋಸಿಯೇಷನ್‌ನವರು ಗ್ರೂಪಿನಲ್ಲಿ ಫೋಟೋ ಹಾಕುತ್ತಾರೆ. ಕಳೆದ ಡಿಸೆಂಬರಿನಲ್ಲಿ ಹೊರಡುವ ದಿನ ಬೆಳಿಗ್ಗೆ ನೋಡಿದೆ. ಮೂರು ಹನಿ ಇತ್ತು. ಪರವಾಗಿಲ್ಲ ಅನ್ನಿಸಿತು.

ಗಾಡಿ 1999ರ ಮಾರುತಿ ಜಿಪ್ಸಿ ಕಿಂಗ್, ಜೀಪಿನಂಥದ್ದು. 1.3 ಲೀಟರ್ ಪೆಟ್ರೋಲ್ ಇಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಹಳೇ ಕಾಲದ ಕಾರ್ಬ್ಯುರೇಟರ್‌ದು, 60 ಕುದುರೆ ಶಕ್ತಿ. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಕರೆದುಕೊಂಡು ಹೋಗಿ ಎಫ್‌ಸಿ ಮಾಡಿಸಿಕೊಂಡು ಬಂದಿದ್ದೇನೆ. ನಂಬರ್ ಕೆಎ-18, ಅಂದರೆ ಚಿಕ್ಕಮಗಳೂರಿನದು. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿದ್ದ ಗಾಡಿ, ಎರಡು ಕೈ ದಾಟಿ ನನ್ನ ಹತ್ತಿರ ಬಂತು. ಹಾಗಾಗಿ ಮಲೆನಾಡಿನ ಕಡೆ ಮುಖ ಮಾಡಿದಾಗಲೆಲ್ಲ ಇದಕ್ಕೆ ತವರಿಗೆ ಹೊರಟಷ್ಟು ಖುಷಿ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಈ ಸಲ ಜೊತೆಗೆ ಭಾಮೈದ ಇದ್ದ. ಅವನಿಗೆ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಗಾಡಿಗಳ ಹುಚ್ಚು ಹಿಡಿದು ಆರು ತಿಂಗಳಾಗಿತ್ತು. ಹಳೇ ಜಿಪ್ಸಿ ಹುಡುಕಬೇಕಾ, ಅದೇ ಮನೆತನದ ಹೊಸ ಜಿಮ್ನಿ ತಗೋಬೇಕಾ ಅಂತ ದಿನಾ ಫೋನು. "ಜಿಪ್ಸಿ ಕೈ ಕೊಡೋದೇ ಇಲ್ವಂತೆ, ನಿಜಾನಾ ಭಾವ?" ಅಂತ ಒಂದೇ ಪ್ರಶ್ನೆ. ನಾನು ಹೇಳಿದರೆ ನಂಬಲ್ಲ. ವರ್ಷಗಟ್ಟಲೆ ಇಟ್ಟುಕೊಂಡವರನ್ನೇ ಕೇಳು ಬಾ ಅಂದೆ.

ಮೊದಲ ದಿನ: ಬೆಂಗಳೂರು – ಸಕಲೇಶಪುರ

ಬೆಳಿಗ್ಗೆ ಐದೂವರೆಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದೆ. ಚೋಕ್ ಅಂದರೇನು ಅಂತ ಭಾಮೈದ ಕೇಳಿದ. ತಣ್ಣಗಿನ ಇಂಜಿನ್ ಹತ್ತಿಕೊಳ್ಳಲು ಪೆಟ್ರೋಲ್ ಪಾಲು ಜಾಸ್ತಿ ಮಾಡುವ ಗುಂಡಿ ಅಂದೆ. ಅವನು ಹುಟ್ಟಿದ್ದು 1996ರಲ್ಲಿ, ಅವನ ತಪ್ಪಲ್ಲ.

ಹೈವೇಯಲ್ಲಿ ಜಿಪ್ಸಿ ಓಡಿಸುವುದರಲ್ಲಿ ದೊಡ್ಡ ಸುಖವೇನೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹಿಂದೆ ಎರಡೂ ಕಡೆ ಪಟ್ಟಾ ಸ್ಪ್ರಿಂಗು. ರಸ್ತೆಯ ಪ್ರತಿ ಕೀಲೂ ಬೆನ್ನಿಗೆ ಗೊತ್ತಾಗುತ್ತದೆ. ಎಂಬತ್ತರ ಮೇಲೆ ಹೋದರೆ ಮಾತಾಡಲು ಕಿರುಚಬೇಕು. ಪೆಟ್ರೋಲ್ ಟ್ಯಾಂಕು 40 ಲೀಟರ್‌ದು, ನನ್ನ ಗಾಡಿ ಲೀಟರಿಗೆ ಹತ್ತು ಕೊಟ್ಟರೆ ಹಬ್ಬ. ನೆಲಮಂಗಲ ದಾಟಿದ ಮೇಲೆ ಇನ್ನೊಂದು ಶುರುವಾಯಿತು. ಅರವತ್ತೈದರ ಹತ್ತಿರ ಒಂದು ಗುಂಡಿ ಹಾರಿದರೆ ಸ್ಟೀರಿಂಗ್ ಎರಡು ಕಡೆಗೂ ಪಟಪಟ ಬಡಿದುಕೊಳ್ಳುತ್ತದೆ. ವೇಗ ಇಳಿಸಿದರೆ ಸುಮ್ಮನಾಗುತ್ತದೆ. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಇದಕ್ಕೆಂದೇ ಅಲುಗಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿ ದುಡ್ಡು ತೆಗೆದುಕೊಂಡಿದ್ದರು. ಒಂದು ತಿಂಗಳು ಸರಿ ಇತ್ತು. ಆಮೇಲೆ ನಾನೂ ಅಸಡ್ಡೆ ಮಾಡಿದೆ.

ಯಡಿಯೂರಿನ ಹತ್ತಿರ ಇಡ್ಲಿಗೆ ನಿಲ್ಲಿಸಿದಾಗ ಒಬ್ಬರು ಬಂದು ಬಾನೆಟ್ ಮೇಲೆ ಕೈ ಇಟ್ಟರು. ದನದ ಬೆನ್ನು ಸವರುತ್ತಾರಲ್ಲ, ಹಾಗೆ. ಸೈನ್ಯದಲ್ಲಿ ಇಪ್ಪತ್ತು ವರ್ಷ ಡ್ರೈವರ್ ಆಗಿದ್ದವರಂತೆ.

"ಲೇಹ್‌ನಲ್ಲಿ ಇದನ್ನೇ ಓಡಿಸಿದ್ದು. ಕೊಡ್ತೀರಾ ಸರ್?"

ಇದು ಮೊದಲ ಗಿರಾಕಿ. ಜಿಪ್ಸಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಪೆಟ್ರೋಲ್ ಬಂಕು, ಸಿಗ್ನಲ್ಲು, ಮದುವೆ ಛತ್ರ, ಎಲ್ಲ ಕಡೆ ಕೇಳುತ್ತಾರೆ. ಭಾಮೈದ ತನ್ನ ಪ್ರಶ್ನೆ ಮುಂದಿಟ್ಟ. ಅವರು ನಕ್ಕರು. "ಕೈ ಕೊಡಲ್ಲ ಅಂತ ಯಾರು ಹೇಳಿದ್ದು? ನಮ್ಮಲ್ಲಿ ಅದು ಕೈ ಕೊಡೋ ಮೊದಲೇ ಬಿಚ್ಚಿ ಜೋಡಿಸ್ತಿದ್ವಿ. ತಾರೀಕು ಬಂತು ಅಂದ್ರೆ ಬಂತು. ಚೆನ್ನಾಗಿದ್ರೂ ಬಿಚ್ಚು."

ಸೈನ್ಯದ ಮಾತು ಬಂದಿದ್ದಕ್ಕೆ ಇಷ್ಟು ಹೇಳಲೇಬೇಕು. ಮಾರುತಿ ಜಿಪ್ಸಿ ರಸ್ತೆಗೆ ಇಳಿದದ್ದು 1985ರ ಡಿಸೆಂಬರಿನಲ್ಲಿ. 800 ಮತ್ತು ವ್ಯಾನ್ ಆದ ಮೇಲೆ ಬಂದದ್ದು. ಜಪಾನಿನ ಅಂದಿನ ಸುಜುಕಿ ಜಿಮ್ನಿಯ ಉದ್ದ ವೀಲ್‌ಬೇಸಿನ ರೂಪ ಇದು. ವೀಲ್‌ಬೇಸ್ ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ. ಆಗ ಇಂಜಿನ್ 970 ಸಿಸಿ, 45 ಕುದುರೆ ಶಕ್ತಿ, ನಾಲ್ಕೇ ಗೇರು. 1996ರಲ್ಲಿ 1.3 ಲೀಟರ್ ಇಂಜಿನ್ನೂ ಐದನೇ ಗೇರೂ ಸೇರಿ ಕಿಂಗ್ ಆಯಿತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಚಿಮ್ಮಿಸಿ ಕೊಡುವ ಎಂಪಿಎಫ್‌ಐ ಬಂತು, ಶಕ್ತಿ 80 ಆಯಿತು. ಹೊರಗಿನ ಆಕಾರ ಮಾತ್ರ ಕೊನೆಯವರೆಗೂ ಹೆಚ್ಚುಕಡಿಮೆ ಅದೇ. ಮನೆಬಳಕೆಗೆ ಕೊಳ್ಳುವವರು ಯಾವತ್ತೂ ಕಡಿಮೆಯೇ ಇದ್ದರು. ಸೈನ್ಯ, ಪೊಲೀಸು, ಅರಣ್ಯ ಇಲಾಖೆ, ಮತ್ತೆ ನಮ್ಮ ತೋಟದವರು. ಇವರಿಂದಲೇ ಇದು ಮೂವತ್ತು ವರ್ಷ ದಾಟಿ ಬದುಕಿದ್ದು.

ಸಂಜೆ ಹಾನುಬಾಳಿನ ಕಡೆ ಪರಿಚಯದ ಗೌಡರ ತೋಟಕ್ಕೆ ಹೋದೆವು. ಗೇಟಿನಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಹಿಂದಿನ ದಿನ ಅಕಾಲದ ಮಳೆ ಬಿದ್ದು ಕೆಂಪು ಮಣ್ಣು ಸೋಪಿನಂತಾಗಿತ್ತು. ಏರಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗಲು ಶುರುವಾಯಿತು. ನಾನು ಗತ್ತಿನಲ್ಲಿ ಭಾಮೈದನಿಗೆ, "ನೋಡೀಗ" ಅಂತ ಚಿಕ್ಕ ಲಿವರನ್ನು ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ಹಾಗೆ ಹಾಕಿದೆ. ಗಾಡಿ ಕದಲಲಿಲ್ಲ. ನಿಧಾನಕ್ಕೆ ಜಾಸ್ತಿ ಬಲ ಕೊಡುವ ಫೋರ್ ಲೋ. ಆಗಲೂ ಇಲ್ಲ. ಮುಂದಿನ ಚಕ್ರ ತಣ್ಣಗೆ ನಿಂತಿತ್ತು.

ಅಷ್ಟರಲ್ಲಿ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಬಂದರು. ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ, "ಹಬ್ ಲಾಕ್ ಮಾಡಿಲ್ವಲ್ಲ ಸಾರ್" ಅಂದರು. ಮುಂದಿನ ಎರಡೂ ಚಕ್ರಗಳ ನಟ್ಟನಡುವೆ, ಹಬ್ಬಿನ ಮೇಲೆ, ಒಂದೊಂದು ತಿರುಪು ಇರುತ್ತದೆ. ಅದನ್ನು ಲಾಕ್‌ಗೆ ತಿರುಗಿಸದಿದ್ದರೆ ಒಳಗೆ ಲಿವರ್ ಹಾಕಿ ಪ್ರಯೋಜನವಿಲ್ಲ. ಹದಿಮೂರು ವರ್ಷ ಓಡಿಸಿದವನು ನಾನು. ಭಾಮೈದ ನಗದೆ ಇರಲು ಬಹಳ ಕಷ್ಟಪಟ್ಟ. ಕೆಸರಿಗಿಳಿದು ಎರಡೂ ಕಡೆ ತಿರುಗಿಸಿ ಬಂದೆ. ಗಾಡಿ ಏನೂ ಆಗದವರ ಹಾಗೆ ಹತ್ತಿತು.

ಗೌಡರ ಹತ್ತಿರ 1988ರ ಸಾವಿರ ಸಿಸಿ ಜಿಪ್ಸಿ ಇದೆ. ಬಟ್ಟೆ ಟಾಪು. ಆಗ ಅವರಿಗೆ ಮೂವತ್ತು, ಈಗ ಅರವತ್ತೇಳು. ಅಕ್ಕಿ ರೊಟ್ಟಿ, ಕೋಳಿ ಸಾರು ಊಟ ಮಾಡುತ್ತಾ ಮಾತು ಶುರುವಾಯಿತು.

"ತಂದ ದಿನ ಊರೆಲ್ಲ ನಗಾಡಿತ್ತು ಮಾರಾಯ. ಬೆಂಕಿಪೊಟ್ಣ ತಂದಿದಾನೆ ಗೌಡ ಅಂತ. ಆಗೆಲ್ಲ ಡೀಸೆಲ್ ಜೀಪು ಅಂದ್ರೇನೇ ಮರ್ಯಾದೆ. ಮೊದಲ ಮಳೆಗಾಲದಲ್ಲಿ ಗೊತ್ತಾಯ್ತು ನೋಡು. ಜೀಪು ಹೂತ್ರೆ ಎತ್ತೋಕೆ ಎಂಟು ಆಳು ಬೇಕು. ಇದಕ್ಕೆ ನಾಲ್ಕು ಸಾಕು. ನಾಲ್ಕು ಆಳಿನ ಕೂಲಿ ಉಳೀತು."

ಇದು ನಾನು ಕೇಳಿದ ಅತ್ಯುತ್ತಮ ವಿವರಣೆ. ಕಿಂಗ್ ಕೂಡ ಸುಮಾರು ಒಂದು ಟನ್ ಅಷ್ಟೆ. ಭಾರ ಕಡಿಮೆ ಇದ್ದರೆ ಹೂಳುವುದು ಕಡಿಮೆ, ಬ್ರೇಕಿಗೆ ಕೆಲಸ ಕಡಿಮೆ, ಆಕ್ಸಲ್ ಮುರಿಯುವುದೂ ಕಡಿಮೆ. ಗಟ್ಟಿ ಅನ್ನುವ ಹೆಸರಿನ ಅರ್ಧ ಪಾಲು ಹಗುರತನಕ್ಕೆ ಹೋಗಬೇಕು.

ಗೌಡರಿಗೆ ಇನ್ನೊಂದು ಕಾರಣವೂ ಇತ್ತು. ಆ ಕಡೆ ಆನೆ ಕಾಟ ಜಾಸ್ತಿ. ಸಂಜೆ ಆದ ಮೇಲೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ, ಅದನ್ನು ನೋಡಿಯೇ ಹೊರಡಬೇಕು. "ಸ್ಟಾರ್ಟ್ ಆಗತ್ತೋ ಇಲ್ವೋ ಅನ್ನೋ ಗಾಡಿ ಇಲ್ಲಿ ಆಗಲ್ಲ. ಸದ್ದು ಜಾಸ್ತಿ ಇರೋದೂ ಆಗಲ್ಲ." ಕೈ ಕೊಟ್ಟೇ ಇಲ್ವಾ ಅಂತ ಭಾಮೈದ ಕೇಳಿದ. ಅಮ್ಮನೋರು ಅಡುಗೆಮನೆಯಿಂದಲೇ ಉತ್ತರ ಕೊಟ್ಟರು. "ನನ್ನ ಎರಡನೇ ಹೆರಿಗೆ ದಿನ ಕಾರ್ಬ್ಯುರೇಟರಲ್ಲಿ ಕಸ ಸಿಕ್ಕಾಕ್ಕೊಂಡಿತ್ತು. ಕೇಳಿ ಅವರನ್ನ." ಗೌಡರು ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು. ಆಮೇಲೆ ಮೆತ್ತಗೆ, "ಹತ್ತು ನಿಮಿಷ ಅಷ್ಟೆ. ಬಿಚ್ಚಿ ಊದಿ ಹಾಕಿದೆ" ಅಂದರು.

ಎರಡನೇ ದಿನ: ಮೂಡಿಗೆರೆಯ ಷೆಡ್ಡು

ಬೆಳಿಗ್ಗೆ ತೋಟದಲ್ಲಿ ಅರೇಬಿಕಾ ಕೊಯ್ಲು ನಡೆದಿತ್ತು. ಕಣದ ತನಕ ಹೋಗಿ ಗಾಡಿ ತಿರುಗಿಸುವಾಗ ಕ್ಲಚ್ ಪೆಡಲು ಟಕ್ ಅಂತ ನೆಲಕ್ಕೆ ಹೋಯಿತು. ಮೇಲೆ ಬರಲೇ ಇಲ್ಲ. ಕೇಬಲ್ ಕಡಿದಿತ್ತು. ತಪ್ಪು ನನ್ನದೇ. ಆರು ತಿಂಗಳಿಂದ ಪೆಡಲು ಬಿಗಿಯಾಗುತ್ತಿತ್ತು. ಎಳೆ ಒಂದೊಂದೇ ಕಡಿಯುತ್ತಿದೆ ಅಂತ ಅರ್ಥ ಅದು. ಹಿಂದಿನ ಸಲ ಅಂಗಡಿಯಲ್ಲಿ ಅಗ್ಗದ್ದು ಕೇಳಿ ತಂದವನೂ ನಾನೇ.

"ಕೈ ಕೊಡ್ತು!" ಅಂದ ಭಾಮೈದ. ಅವನ ದನಿಯಲ್ಲಿ ಬೇಜಾರಿಗಿಂತ ಕುತೂಹಲ ಜಾಸ್ತಿ ಇತ್ತು.

ಟೋ ಮಾಡುವ ಗಾಡಿ ಕರೆಯಬೇಕಾ ಅಂತ ಅವನು ಫೋನು ತೆಗೆದ. ಗೌಡರು ಅವನ ಕಡೆ ನೋಡಲೂ ಇಲ್ಲ. "ಫೋರ್ ಲೋ ಹಾಕು. ಫಸ್ಟ್ ಗೇರ್. ಈಗ ಕೀ ತಿರುಗ್ಸು." ಹಾಗೆಯೇ ಮಾಡಿದೆ. ಲೋ ರೇಶಿಯೋದಲ್ಲಿ ಗೇರು ಎಷ್ಟು ಚಿಕ್ಕದಾಗಿರುತ್ತದೆ ಅಂದರೆ ಸ್ಟಾರ್ಟರ್ ಮೋಟರೇ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ. ಎರಡು ಕುಲುಕಾಟದಲ್ಲಿ ಇಂಜಿನ್ ಹತ್ತಿಕೊಂಡು ಗಾಡಿ ಆಮೆಯಂತೆ ಹೊರಟಿತು. ಗೇಟಿನ ಆಚೆ ಸಮತಟ್ಟು ಸಿಕ್ಕ ಮೇಲೆ ಇಂಜಿನ್ ಆರಿಸಿ, ಹಬ್ ಬಿಡಿಸಿ, ಹಿಂದಿನ ಎರಡೇ ಚಕ್ರ ಎಳೆಯುವ ಟೂ ಹೈಗೆ ಬಂದು ಮತ್ತೆ ಹಾಗೆಯೇ ಸ್ಟಾರ್ಟ್ ಮಾಡಿದೆ. ಆಮೇಲೆ ಆಕ್ಸಲರೇಟರ್ ಬಿಟ್ಟು, ಇಂಜಿನ್ ಸದ್ದು ಹದಕ್ಕೆ ಬಂದಾಗ ಗೇರನ್ನು ಬೆರಳಲ್ಲಿ ಒತ್ತಿದರೆ ಬೀಳುತ್ತದೆ. ಬಲವಂತ ಮಾಡಬಾರದು. ಎದುರಿಗೆ ಬಸ್ಸು ಬಂದರೆ ಮಾತ್ರ ದೇವರೇ ಗತಿ. ಎರಡು ಸಲ ನಿಂತು ಹೋಯಿತು, ಎರಡು ಸಲವೂ ಗೇರಿನಲ್ಲೇ ಸ್ಟಾರ್ಟ್ ಮಾಡಿಕೊಂಡು ಮೂಡಿಗೆರೆ ಸೇರಿದೆವು.

ಗೌಡರು ಹೇಳಿದ ಷೆಡ್ಡು ಪೇಟೆಯ ಆಚೆ ಇತ್ತು. ತಗಡಿನ ಮಾಡು, ಒಳಗೆ ಮೂರು ಜಿಪ್ಸಿ. ಒಂದಕ್ಕೆ ಇಂಜಿನ್ನೇ ಇಲ್ಲ. ಮೇಸ್ತ್ರಿ ಬೀಡಿ ಆರಿಸಿ ಬಂದರು. ಏನಾಗಿದೆ ಅಂತ ಕೇಳಲಿಲ್ಲ. ನಾನು ಗಾಡಿ ನಿಲ್ಲಿಸಿದ ರೀತಿಯಲ್ಲೇ ಗೊತ್ತಾಗಿರಬೇಕು. ಗೋಡೆಯ ಮೊಳೆಯಲ್ಲಿ ಹಾರದ ಹಾಗೆ ತೂಗುತ್ತಿದ್ದ ಕೇಬಲ್‌ಗಳಲ್ಲಿ ಒಂದನ್ನು ತೆಗೆದುಕೊಂಡರು. ಹುಡುಗ ಗಾಡಿ ಕೆಳಗೆ ನುಗ್ಗಿದ. ಅರ್ಧ ಗಂಟೆಯೂ ಆಗಲಿಲ್ಲ.

ಆಮೇಲೆ ಮೇಸ್ತ್ರಿ ಡ್ರೈವರ್ ಕಡೆಯ ಮ್ಯಾಟ್ ಎತ್ತಿ ನೋಡಿದರು. ಫ್ಲೋರಿನಲ್ಲಿ ಅಂಗೈ ಅಗಲದ ಒಂದು ತೇಪೆ ಇದೆ. ನಾನು ತಂದಾಗಿನಿಂದಲೂ ಇದೆ. ಅದರ ಅಂಚಿನ ಮೇಲೆ ಬೆರಳಾಡಿಸಿ, "ಈ ವೆಲ್ಡಿಂಗ್ ನಂದೇ" ಅಂದರು.

ನಮಗೆ ನಂಬಿಕೆ ಬರಲಿಲ್ಲ. ಅವರು ಹಳೆಯ ಯಜಮಾನರ ತೋಟ ಯಾವುದು, ಆಗ ಗಾಡಿಗೆ ಯಾವ ಬಣ್ಣ ಇತ್ತು, ಎಲ್ಲ ಹೇಳಿದರು. ಬಾಗಿಲ ಒಳಗಡೆ ಒಂದು ಕಡೆ ಕೆರೆದು ತೋರಿಸಿದರು. ಹಸಿರು. ನಾನು ಅದನ್ನು ಬಿಳಿ ಗಾಡಿ ಅಂದುಕೊಂಡೇ ಇಷ್ಟು ವರ್ಷ ಓಡಿಸಿದ್ದೆ.

ಸ್ಟೀರಿಂಗ್ ಬಡಿಯುವ ವಿಷಯ ಹೇಳಿದೆ. ಡ್ಯಾಂಪರ್ ನೋಡಿ ತಲೆ ಆಡಿಸಿದರು. "ಇದು ಜ್ವರಕ್ಕೆ ಕಂಬಳಿ ಹೊದ್ಸಿದ ಹಾಗೆ." ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಲೊಟಕ್ ಲೊಟಕ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಸಡಿಲ. ಬೇರಿಂಗ್ ಇನ್ನೂ ಚೆನ್ನಾಗಿದ್ದರೆ ಅದರ ಕೆಳಗಿನ ತೆಳು ತಗಡಿನ ಬಿಲ್ಲೆ ಒಂದು ತೆಗೆದರೆ ಬಿಗಿಯಾಗುತ್ತದೆ. ಸವೆದಿದ್ದರೆ ಬದಲಿಸಬೇಕು. ಬಲಗಡೆ ಬಿಲ್ಲೆ ತೆಗೆದು ಬಿಗಿ ಮಾಡಿದರು, ಎಡಗಡೆ ಹೊಸ ಬೇರಿಂಗ್ ಹಾಕಿದರು. ಮಧ್ಯಾಹ್ನ ಮೂರಾಯಿತು. ಎಲ್ಲ ಸೇರಿ 2,400 ರೂಪಾಯಿ. ಒಂದು ಕೇಬಲ್ ಜಾಸ್ತಿ ಕೇಳಿ ಸೀಟಿನ ಕೆಳಗೆ ಇಟ್ಟುಕೊಂಡೆ.

ಭಾಮೈದ ಅಷ್ಟು ಹೊತ್ತೂ ಒಂದು ಟೈರಿನ ಮೇಲೆ ಕೂತು ನೋಡುತ್ತಿದ್ದ. ಕೊನೆಗೆ ತನ್ನ ಪ್ರಶ್ನೆ ಕೇಳಿಯೇ ಬಿಟ್ಟ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಷೆಡ್ಡಿನ ಕಡೆ ತೋರಿಸಿದರು. "ಕೈ ಕೊಡದಿದ್ರೆ ಮೂವತ್ತು ವರ್ಷದಿಂದ ನಾನು ಏನು ಉಣ್ತಿದ್ದೆ?"

ಜಿಪ್ಸಿಯ ಹೆಸರಿನ ಗುಟ್ಟು ಇಲ್ಲೇ ಇದೆ ಅಂತ ನನ್ನ ಲೆಕ್ಕ. ಅದು ಕೆಡುತ್ತದೆ. ಬುಷ್ ಹೋಗುತ್ತದೆ, ಫ್ಲೋರ್ ತುಕ್ಕು ಹಿಡಿಯುತ್ತದೆ, ಟಾಪಿನಲ್ಲಿ ನೀರು ಸೋರುತ್ತದೆ. ಆದರೆ ಕೆಟ್ಟ ಜಾಗದಿಂದ ಹೇಗಾದರೂ ಮಾಡಿ ಪೇಟೆ ತನಕ ಬರುತ್ತದೆ, ಪೇಟೆಯಲ್ಲಿ ಒಂದು ಮೊಳೆಯ ಮೇಲೆ ಅದರ ಸಾಮಾನು ನೇತಾಡುತ್ತಿರುತ್ತದೆ. ಇನ್ನೊಬ್ಬರ ಊರಿಗೆ ಹೋದಾಗ ಪರಿಚಯದವರ ಮನೆ ಇದ್ದ ಹಾಗೆ. ಆ ಮೊಳೆ ಇಲ್ಲದ ಊರಿನಲ್ಲಿ ಇದೂ ಒಂದು ಹಳೇ ಗಾಡಿ ಅಷ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಒಬ್ಬರು, "ಕೊಡೋದಿದ್ರೆ ಹೇಳಿ" ಅಂದರು. ಎರಡನೇ ಗಿರಾಕಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಕಡೆ ಇಳಿಯದೆ ಬಲಕ್ಕೆ ಹೊರಳಿ, ಕತ್ತಲಾಗುವ ಹೊತ್ತಿಗೆ ಕಳಸ ಸೇರಿದೆವು. ಸ್ಟೀರಿಂಗ್ ಮಗುವಿನ ಹಾಗೆ ಸುಮ್ಮನಿತ್ತು.

ಮೂರನೇ ದಿನ: ಕ್ಯಾತನಮಕ್ಕಿ

ಹೊರನಾಡಿನಲ್ಲಿ ಅಮ್ಮನವರ ದರ್ಶನ, ಊಟ. ಅಲ್ಲಿಂದ ಕ್ಯಾತನಮಕ್ಕಿ ಗುಡ್ಡಕ್ಕೆ ಊರಿನ ಬಾಡಿಗೆ ಜೀಪುಗಳು ಹೋಗುತ್ತವೆ. ನಮ್ಮ ಗಾಡಿ ಕೆಳಗೆ ಬಿಟ್ಟು ನಾವೂ ಜೀಪು ಹತ್ತಿದೆವು. ಅವರ ಹೊಟ್ಟೆಪಾಡಿನ ದಾರಿಯಲ್ಲಿ ನಾವು ಶೋಕಿಗೆ ಹತ್ತಿಸುವುದು ಸರಿ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಕೇಬಲ್ ಮೇಲೂ ಇನ್ನೂ ನಂಬಿಕೆ ಕೂತಿರಲಿಲ್ಲ.

ದಾರಿ ಅಂದರೆ ಬರೀ ಕಲ್ಲು. ಜೀಪು ಹಳೆಯ ಮಹೀಂದ್ರಾ, ಡೀಸೆಲ್. ಡ್ರೈವರ್ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಹಿಂದಕ್ಕೆ ತಿರುಗಿ ನಮ್ಮ ಜೊತೆ ಮಾತಾಡುತ್ತಿದ್ದರು. ಮೇಲೆ ಗಾಳಿ, ಹುಲ್ಲು, ಸುತ್ತ ಗುಡ್ಡದ ಹಿಂದೆ ಗುಡ್ಡ. ಅರ್ಧ ಗಂಟೆ ಯಾರೂ ಗಾಡಿ ವಿಷಯ ಎತ್ತಲಿಲ್ಲ. ಅದೇ ದೊಡ್ಡದು.

ಇಳಿಯುವಾಗ ಜಿಪ್ಸಿ ಬಗ್ಗೆ ಕೇಳಿದೆವು. ಡ್ರೈವರಿಗೆ ಅಂಥ ಭಕ್ತಿಯೇನೂ ಇರಲಿಲ್ಲ. "ಒಳ್ಳೆ ಗಾಡಿಯೇ ಮಾರಾಯ್ರೆ. ಆದ್ರೆ ಪೆಟ್ರೋಲು. ಹತ್ತು ಜನ ಕೂರ್ಸಿ ದಿನಕ್ಕೆ ನಾಲ್ಕು ಟ್ರಿಪ್ ಹೊಡೀಲಿಕ್ಕೆ ಅದು ಆಗ್ತದಾ? ಅದು ಒಬ್ಬ ಯಜಮಾನಂದು. ಇದು ಊರಿಂದು." ಜಿಪ್ಸಿಗೆ ಡೀಸೆಲ್ ಇಂಜಿನ್ ಕಂಪನಿಯಿಂದ ಬರಲೇ ಇಲ್ಲ. ಬಾಡಿಗೆ ಓಡಿಸುವವರು ದೂರ ಉಳಿದದ್ದು ಅದಕ್ಕೇ.

ಹೆಸರು ಅನ್ನುವುದು ಜಾಗ ನೋಡಿ ಬದಲಾಗುತ್ತದೆ. ಇದೇ ಗಾಡಿಯ ಚಿಕ್ಕ ವೀಲ್‌ಬೇಸಿನ ತಮ್ಮ ಅಮೆರಿಕದಲ್ಲಿ ಸಮುರಾಯ್ ಅಂತ ಮಾರಾಟವಾಯಿತು. ಮೊದಮೊದಲು ಜನ ಮುಗಿಬಿದ್ದರು. 1988ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದನ್ನು ಪರೀಕ್ಷೆ ಮಾಡಿ, ಜೋರಾಗಿ ತಿರುಗಿಸಿದರೆ ಮಗುಚುತ್ತದೆ, ಕೊಳ್ಳಲು ಯೋಗ್ಯವಲ್ಲ ಅಂತ ಬರೆಯಿತು. ವ್ಯಾಪಾರ ಕುಸಿಯಿತು. ಸುಜುಕಿ 1996ರಲ್ಲಿ ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಅಲ್ಲಿ ಮಗುಚುವ ಗಾಡಿ ಅನ್ನಿಸಿಕೊಂಡದ್ದು ಇಲ್ಲಿ ನಂಬಿಕಸ್ಥ ಗಾಡಿ. ನಮ್ಮ ಜಿಪ್ಸಿಯ ವೀಲ್‌ಬೇಸ್ 2,375 ಮಿಲಿಮೀಟರ್, ಅದಕ್ಕಿಂತ ಉದ್ದ. 1993ರಲ್ಲಿ ಚಕ್ರಗಳ ನಡುವಿನ ಅಗಲವನ್ನೂ ಹೆಚ್ಚಿಸಿದರು. ಹಾಗಂತ ತಿರುವಿನಲ್ಲಿ ಜಿಪ್ಸಿಯನ್ನು ಕಾರಿನ ಹಾಗೆ ಎಸೆದರೆ ಅದು ಸುಮ್ಮನಿರುವುದಿಲ್ಲ. ಇದನ್ನು ಭಾಮೈದನಿಗೆ ಎರಡು ಸಲ ಹೇಳಿದೆ. ಅವನು ಉತ್ತರವಾಗಿ, 2007ರಲ್ಲಿ ಚಿಲಿ ದೇಶದ ಇಬ್ಬರು ಮಾರ್ಪಾಡು ಮಾಡಿದ ಸಮುರಾಯ್‌ನಲ್ಲಿ ಓಹೋಸ್ ದೆಲ್ ಸಲಾದೋ ಪರ್ವತದ ಮೇಲೆ 6,688 ಮೀಟರ್ ಎತ್ತರಕ್ಕೆ ಹೋದ ಕಥೆ ಹೇಳಿದ.

ಸಂಜೆ ಕುದುರೆಮುಖದ ಕಡೆ ಸುಮ್ನೆ ಒಂದು ಸುತ್ತು. 2005ರ ಕೊನೆಗೆ ಅದಿರು ಗಣಿ ನಿಂತ ಮೇಲೆ ಖಾಲಿಯಾದ ಊರು. ಕ್ವಾರ್ಟರ್ಸ್ ಗೋಡೆಗಳ ಮೇಲೆ ಪಾಚಿ. ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಹಾ ಅಂಗಡಿಯಲ್ಲಿ ಮೂರನೇ ಗಿರಾಕಿ ಸಿಕ್ಕರು. ಬೆಲೆ ಕೂಡ ಹೇಳಿದರು. ನಾನು ಕೊಂಡ ಬೆಲೆಗಿಂತ ಜಾಸ್ತಿಯೇ ಇತ್ತು.

ನಾಲ್ಕನೇ ದಿನ: ಚಿಕ್ಕಮಗಳೂರು, ಮನೆ

ಬಾಳೆಹೊನ್ನೂರಿನ ಮೇಲೆ ಚಿಕ್ಕಮಗಳೂರಿಗೆ ಬಂದೆವು. ಅಲ್ಲಿ ತೋಟ ನೋಡಿಕೊಳ್ಳುವ ಒಬ್ಬ ಅಕ್ಕ ಇದ್ದಾರೆ. ಅವರದು ಜಿಮ್ನಿ, ಆಟೊಮ್ಯಾಟಿಕ್. ಪಕ್ಕದ ಷೆಡ್ಡಿನಲ್ಲಿ ಅವರ ಅಪ್ಪನ ಜಿಪ್ಸಿಯೂ ಇದೆ. ಭಾಮೈದನಿಗೆ ದೇವಸ್ಥಾನಕ್ಕೆ ಬಂದಷ್ಟು ಸಂತೋಷ.

ಐದು ಬಾಗಿಲಿನ ಜಿಮ್ನಿ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 2023ರ ಜೂನಿನಲ್ಲಿ. 1.5 ಲೀಟರ್ ಇಂಜಿನ್, ಆರು ಏರ್‌ಬ್ಯಾಗು, ಪಟ್ಟಾ ಸ್ಪ್ರಿಂಗಿನ ಬದಲು ಕಾಯಿಲ್ ಸ್ಪ್ರಿಂಗು. ಲ್ಯಾಡರ್ ಫ್ರೇಮು, ಗಟ್ಟಿ ಆಕ್ಸಲು, ಲೋ ರೇಶಿಯೋ ಮಾತ್ರ ಹಳೆಯ ಮನೆತನದ್ದೇ. ಅದರಲ್ಲಿ ಕೂತು ತೋಟದ ಏರು ಹತ್ತಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನು ಬೆವರು ಸುರಿಸಿ ಹತ್ತಿಸುವ ಜಾಗದಲ್ಲಿ ಅಕ್ಕ ಕೂಲಿಯವರ ಲೆಕ್ಕದ ಮಾತಾಡುತ್ತಾ ಹತ್ತಿಸಿದರು.

"ಕಷ್ಟ ಏನಿದೆ ಅಕ್ಕ ಇದರಲ್ಲಿ?"

"ಹಿಂದೆ ಜಾಗ ಇಲ್ಲ. ಸೀಟು ಮಡಚದಿದ್ರೆ ಗೊಬ್ಬರದ ಚೀಲ ಹಿಡಿಯಲ್ಲ. 208 ಲೀಟರ್ ಅಷ್ಟೆ. ನಾಲ್ಕು ಜನ ಮದುವೆಗೆ ಹೋದ್ರೆ ಸೀರೆ ಪೆಟ್ಟಿಗೆ ತೊಡೆ ಮೇಲೆ. ಇನ್ನೊಂದು, ನಮ್ಮ ಹಳೇ ಮೇಸ್ತ್ರಿ ಬಾನೆಟ್ ತೆಗೆದು ನೋಡಿ, ಇದಕ್ಕೆ ಲ್ಯಾಪ್‌ಟಾಪ್ ಬೇಕು ಅಂತ ಮುಚ್ಚಿಬಿಟ್ರು."

"ಇಲ್ಲಿ ತನಕ ಏನಾದ್ರೂ ತೊಂದರೆ?"

"ಇಲ್ಲ. ಆದ್ರೆ ಎರಡೇ ವರ್ಷ ಆಯ್ತಲ್ಲ. ಇಪ್ಪತ್ತೈದು ವರ್ಷ ಆದ್ಮೇಲೆ ಬಂದು ಕೇಳಿ."

ಈ ಗಾಡಿಯ ಕಥೆಯೂ ವಿಚಿತ್ರವೇ. ಇಲ್ಲಿ ಅದು ಅಂದುಕೊಂಡಷ್ಟು ಓಡಲಿಲ್ಲ. ಇದೇ ಗಾಡಿ, ಇಲ್ಲೇ ತಯಾರಾದದ್ದು, 2025ರ ಜನವರಿಯ ಕೊನೆಗೆ ಜಪಾನಿನಲ್ಲಿ ನೋಮಾಡ್ ಅನ್ನುವ ಹೆಸರಲ್ಲಿ ಬಂದಾಗ ನಾಲ್ಕೇ ದಿನದಲ್ಲಿ ಸುಮಾರು 50,000 ಬುಕಿಂಗ್ ಆಗಿ, ಕಂಪನಿ ಬುಕಿಂಗ್ ನಿಲ್ಲಿಸಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ, ಅಲ್ವಾ?

ಅಕ್ಕನ ಅಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತು ದಾಟಿದೆ, ಈಗ ಗಾಡಿ ಓಡಿಸುವುದಿಲ್ಲ. ದಿನಾ ಬೆಳಿಗ್ಗೆ ಷೆಡ್ಡಿಗೆ ಹೋಗಿ ಜಿಪ್ಸಿ ಸ್ಟಾರ್ಟ್ ಮಾಡಿ ಐದು ನಿಮಿಷ ಕೂತು ಬರುತ್ತಾರಂತೆ. ಭಾಮೈದ ಬಾಯಿ ತೆರೆಯುವ ಮೊದಲೇ, "ಅದು ಕೊಡೋದಕ್ಕಿಲ್ಲ ಮಗ" ಅಂದರು.

ಬೇಲೂರು, ಹಾಸನ ದಾಟಿ ಹೈವೇ ಹಿಡಿದೆವು. ಎಪ್ಪತ್ತೈದಕ್ಕೂ ಸ್ಟೀರಿಂಗ್ ಅಲುಗಲಿಲ್ಲ. ಕುಣಿಗಲ್ ಹತ್ತಿರ ಭಾಮೈದ, "ಭಾವ, ಆ ಮೂಡಿಗೆರೆ ಮೇಸ್ತ್ರಿ ನಂಬರ್ ಕೊಡಿ" ಅಂದ. ಯಾಕೆ, ಜಿಪ್ಸಿ ಅಂತ ಗಟ್ಟಿಯಾಯ್ತಾ ಅಂದೆ. ಇಲ್ಲ, ಷೆಡ್ಡಿನಲ್ಲಿ ಇಂಜಿನ್ ಇಲ್ಲದೆ ನಿಂತಿತ್ತಲ್ಲ, ಅದು ಯಾರದ್ದು ಅಂತ ಕೇಳಬೇಕು ಅಂದ. ಇದನ್ನು ಅವನ ಅಕ್ಕನಿಗೆ ಯಾರು ಹೇಳುವುದು ಅಂತ ನಾನು ಯೋಚನೆಗೆ ಬಿದ್ದೆ.

ರಾತ್ರಿ ಹತ್ತೂವರೆಗೆ ಮನೆ. ರಟ್ಟು ಇದ್ದ ಜಾಗದಲ್ಲೇ ಇತ್ತು, ಗಾಡಿಯನ್ನು ಅದರ ಮೇಲೆ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಹಾಲು ತರಲು ಇಳಿದಾಗ ಬಗ್ಗಿ ನೋಡಿದೆ. ಹಳೆಯ ಕಲೆಗಳ ಪಕ್ಕದಲ್ಲಿ ಹೊಸದಾಗಿ ಮೂರು ಹನಿ.